ಪುಶ್‌ರಾಡ್ ಹೊಸೆದ ಭಾನುವಾರ

ನಮ್ಮ ಯಜಮಾನರಿಗೆ ಒಂದು ನಂಬಿಕೆಯಿತ್ತು. ಲೋಕದಲ್ಲಿ ಕೆಟ್ಟುಹೋದದ್ದು ಏನೇ ಇರಲಿ, ಬಿಚ್ಚಿ, ಒರೆಸಿ, ಮತ್ತೆ ಜೋಡಿಸಿದರೆ ಅದು ಸರಿಹೋಗಲೇಬೇಕು. ಮಿಕ್ಸಿ, ಟೋಸ್ಟರ್, ಗೋಡೆ ಗಡಿಯಾರ, ನನ್ನ ಹೊಲಿಗೆ ಮೆಷಿನ್ನು, ಎಲ್ಲವೂ ಒಂದಲ್ಲ ಒಂದು ಭಾನುವಾರ ನಮ್ಮ ಊಟದ ಮೇಜಿನ ಮೇಲೆ, ಹಳೆಯ ಪೇಪರಿನ ಹಾಸಿಗೆಯಲ್ಲಿ, ಕೈಕಾಲು ಬಿಚ್ಚಿಕೊಂಡು ಮಲಗಿದ್ದವೇ. ಸುಳ್ಳು ಯಾಕೆ ಹೇಳಲಿ, ಹೆಚ್ಚಿನವು ಎದ್ದು ಕೆಲಸ ಮಾಡಿದವು ಕೂಡ. ಹೊಲಿಗೆ ಮೆಷಿನ್ನು ಮಾತ್ರ ಆಮೇಲೆ ಹಿಂದಕ್ಕೇ ಹೊಲಿಯುತ್ತಿತ್ತು. ಅದನ್ನು ನಾನು ಹೋದವರ ಮನೆಯಲ್ಲೆಲ್ಲ ಹೇಳಿ ನಗುತ್ತಿದ್ದೆ, ಅವರೂ ನಗುತ್ತಿದ್ದರು.

ಎಂಬತ್ತರ ದಶಕ ಮುಗಿಯುತ್ತ ಬಂದಿತ್ತು. ನ್ಯೂಜೆರ್ಸಿಯಲ್ಲಿ ರೂಟ್ ಒನ್ ಪಕ್ಕದ ಒಂದು ಪುಟ್ಟ ಮನೆ ನಮ್ಮದು. ಅವರು ಬ್ರಿಡ್ಜ್‌ವಾಟರ್ ಕಡೆಯ ಒಂದು ಕಂಪನಿಯಲ್ಲಿ ಮಾತ್ರೆ ಪ್ಯಾಕ್ ಮಾಡುವ ಯಂತ್ರಗಳನ್ನು ಡಿಸೈನ್ ಮಾಡುತ್ತಿದ್ದರು. ಬೆಳಿಗ್ಗೆ ನಮ್ಮ ಒಂದೇ ಕಾರು ಅವರನ್ನು ಕೂರಿಸಿಕೊಂಡು ಹೊರಟರೆ ಮತ್ತೆ ಅದರ ಮುಖ ಕಾಣುವುದು ಸಂಜೆಗೇ. ಅಲ್ಲಿಯತನಕ ನಾನು ಮನೆಯಲ್ಲಿ. ಹಾಲು ಮುಗಿದರೆ ಮುಗಿಯಿತು. ನಡೆದು ಹೋಗೋಣ ಎಂದರೆ ಫುಟ್‌ಪಾತ್ ಇಲ್ಲದ ರಸ್ತೆ. ಒಮ್ಮೆ ಕೊತ್ತಂಬರಿ ಸೊಪ್ಪಿಗೆಂದು ಹುಲ್ಲಿನ ಅಂಚಿನಲ್ಲಿ ಸೀರೆಯುಟ್ಟು ನಡೆದಿದ್ದಕ್ಕೆ ಒಬ್ಬ ಪೊಲೀಸಿನವನು ಕಾರು ನಿಲ್ಲಿಸಿ, ಏನಾದರೂ ತೊಂದರೆಯಾಗಿದೆಯೇ ಎಂದು ವಿಚಾರಿಸಿದ. ತೊಂದರೆ ಇದ್ದದ್ದು ನಿಜ, ಅವನಿಗೆ ಹೇಳುವಂಥದ್ದಲ್ಲ.

ನಾನು ಮೈಸೂರಿನಲ್ಲಿ ಕೆಮಿಸ್ಟ್ರಿ ಎಂ.ಎಸ್ಸಿ. ಮಾಡಿದವಳು. ಅಮೆರಿಕಕ್ಕೆ ಬಂದ ಹೊಸದರಲ್ಲೇ ಒಂದು ಲ್ಯಾಬಿನಲ್ಲಿ ಕೆಲಸ ಸಿಕ್ಕಿತ್ತು. ಸೇರುವ ಮೊದಲೇ, ನಮ್ಮ ಜೊತೆ ಇರಲು ಬಂದಿದ್ದ ಅತ್ತೆಯವರಿಗೆ ಲಕ್ವ ಹೊಡೆಯಿತು. ಕೆಲಸ ಬಿಡು ಎಂದು ಯಾರೂ ಹೇಳಲಿಲ್ಲ, ನಾನೇ ಬಿಟ್ಟೆ. ಅವರನ್ನು ಕೊನೆಯತನಕ ನೋಡಿಕೊಂಡೆ. ಆ ಬಗ್ಗೆ ನನಗೆ ಬೇಸರವಿಲ್ಲ, ಒಳ್ಳೆಯ ಹೆಂಗಸು, ಮಾತು ನಿಂತುಹೋದ ಮೇಲೂ ನನ್ನ ಅಡುಗೆಗೆ ಉಪ್ಪು ಕಮ್ಮಿ ಎಂದು ಕಣ್ಣಿನಲ್ಲೇ ಹೇಳುತ್ತಿದ್ದರು. ಆಮೇಲೆ ಮಗಳು ಹುಟ್ಟಿದಳು. ಅವಳು ಸ್ಕೂಲಿಗೆ ಹೋಗುವಷ್ಟು ದೊಡ್ಡವಳಾಗುವ ಹೊತ್ತಿಗೆ ನನ್ನ ಡಿಗ್ರಿ ಟ್ರಂಕಿನ ತಳದಲ್ಲಿ ನುಸಿಗುಳಿಗೆಯ ವಾಸನೆ ಹೊಡೆಯುತ್ತಿತ್ತು.

ಆ ವರ್ಷ ಮತ್ತೆ ಅರ್ಜಿ ಹಾಕಿದೆ. ಪ್ರಿನ್ಸ್‌ಟನ್ ಹತ್ತಿರದ ಔಷಧಿ ಲ್ಯಾಬೊಂದರಿಂದ ಕರೆ ಬಂತು. ಥ್ಯಾಂಕ್ಸ್‌ಗಿವಿಂಗ್ ಹಬ್ಬ ಕಳೆದ ಸೋಮವಾರ ಬೆಳಿಗ್ಗೆ ಬಂದು ಸೇರಿಕೊಳ್ಳಿ ಎಂದರು. ಒಂದೇ ಒಂದು ಪ್ರಶ್ನೆ ಕೇಳಿದ್ದರು, ನಿಮಗೆ ಕಾರಿದೆಯೇ ಎಂದು. ಇದೆ ಎಂದುಬಿಟ್ಟೆ. ಓಡಿಸುವುದನ್ನು ಇವರೇ ಕಲಿಸಿದ್ದರು, ಲೈಸೆನ್ಸೂ ಇತ್ತು. ಲ್ಯಾಬು ಇದ್ದದ್ದು ರೈಲ್ವೆ ಸ್ಟೇಷನ್ನಿನಿಂದ ದೂರದ ಹೊಲಗಳ ಮಧ್ಯೆ. ಯಜಮಾನರ ಆಫೀಸು ಉತ್ತರಕ್ಕಾದರೆ ಇದು ದಕ್ಷಿಣಕ್ಕೆ. ಇನ್ನೊಂದು ಕಾರು ಇಲ್ಲದೆ ಆ ಕೆಲಸ ಇಲ್ಲ. ಇದು ನನಗೂ ಗೊತ್ತಿತ್ತು, ಅವರಿಗೂ ಗೊತ್ತಿತ್ತು.

ಇನ್ನೊಂದು ಕಾರೇನೋ ಇತ್ತು, ಆದರೆ ಓಡುತ್ತಿರಲಿಲ್ಲ. ಅವರ ಸಹೋದ್ಯೋಗಿಯೊಬ್ಬ ಫ್ಲೋರಿಡಾಕ್ಕೆ ಹೊರಟಾಗ ನಮಗೆ ಬಿಟ್ಟುಹೋಗಿದ್ದ ಸ್ಟೇಷನ್ ವ್ಯಾಗನ್ ಅದು. ಮೈತುಂಬ ಮರದ ಹಲಗೆಯ ಚಿತ್ರ ಅಂಟಿಸಿಕೊಂಡ, ಮದುವೆ ದಿಬ್ಬಣವನ್ನೇ ತುಂಬಬಹುದಾದ ಗಾಡಿ. ಒಳಗೆ ಎಂಟು ಸಿಲಿಂಡರಿನ ಎಂಜಿನ್ನು, ಅದರೊಳಗೆ ನೀರನ್ನೂ ಎಣ್ಣೆಯನ್ನೂ ಬೇರೆಯಾಗಿಡುವ ಗ್ಯಾಸ್ಕೆಟ್ ಸುಟ್ಟು ಎರಡೂ ಬೆರೆತು ಕಾಫಿ ಬಣ್ಣವಾಗಿತ್ತು. "ಇದೇನು ಮಹಾ, ಹೆಡ್ ಇಳಿಸಿ ಮತ್ತೆ ಕೂರಿಸೋದು" ಎಂದು ಇವರು ಅಕ್ಟೋಬರಿನಲ್ಲೇ ಗರಾಜಿನಲ್ಲಿ ಅದರ ಹೊಟ್ಟೆ ಬಗೆದರು. ಎಂಜಿನ್ನಿನ ಮೇಲಿನ ಎರಡು ಭಾರದ ತಲೆಗಳನ್ನು ಮೆಷಿನ್ ಶಾಪಿಗೆ ಕೊಂಡೊಯ್ದು, ಅಡಿಭಾಗ ಸಮತಟ್ಟಾಗುವಂತೆ ತೆಳ್ಳಗೆ ಹೆರೆಸಿಕೊಂಡು ಬಂದರು. ಮೆಕ್ಯಾನಿಕ್ಕಿಗೆ ಕೊಟ್ಟುಬಿಡಿ ಎಂದರೆ ಮುಖ ಊದಿಸಿಕೊಳ್ಳುತ್ತಿದ್ದರು. ಎಂಜಿನಿಯರನ ಹೆಂಡತಿ ಮೆಕ್ಯಾನಿಕ್ಕಿನ ಹೆಸರೆತ್ತುವುದು ಅಡುಗೆ ಭಟ್ಟನ ಹೆಂಡತಿ ಹೋಟೆಲಿನಿಂದ ಊಟ ತರಿಸಿದ ಹಾಗೆ.

ಆ ದಿನಗಳಲ್ಲಿ ನಾನು ಕಾಫಿ ತೆಗೆದುಕೊಂಡು ಗರಾಜಿಗೆ ಹೋಗುತ್ತಿದ್ದೆ. ಸ್ಟೀಲ್ ಲೋಟ, ಹಬೆಯಾಡುವ ಕಾಫಿ. ನಾನು ಅಂಚು ಹಿಡಿದು, ಸೆರಗು ಸುತ್ತಿಕೊಂಡು ತಂದರೆ, ಅವರು ಇಡೀ ಲೋಟವನ್ನು ಅಂಗೈಯಲ್ಲಿ ಹಿಡಿದು ನಿಂತುಕೊಳ್ಳುತ್ತಿದ್ದರು. "ಎಮ್ಮೆ ಚರ್ಮ ನಿಮ್ಮದು" ಎನ್ನುತ್ತಿದ್ದೆ. "ಚಳಿ ಕಣೇ, ಹಿತವಾಗಿದೆ" ಎನ್ನುತ್ತಿದ್ದರು. ನವೆಂಬರಿನ ಗರಾಜು, ಚಳಿ ಇದ್ದದ್ದೂ ಹೌದು.

ಥ್ಯಾಂಕ್ಸ್‌ಗಿವಿಂಗ್ ದಿನ, ಗುರುವಾರ, ಅಕ್ಕಪಕ್ಕದ ಮನೆಗಳಿಂದ ಟರ್ಕಿ ಬೇಯುವ ವಾಸನೆ ಬರುತ್ತಿತ್ತು. ನಮ್ಮ ಮನೆಯಲ್ಲಿ ಬಿಸಿಬೇಳೆಬಾತು. ಊಟ ಮುಗಿಸಿ ಎಂಜಿನ್ ಸ್ಟಾರ್ಟ್ ಮಾಡಿದರು. ಹೊತ್ತಿಕೊಂಡೂ ಬಿಟ್ಟಿತು. ಮಗಳು ಚಪ್ಪಾಳೆ ತಟ್ಟಿದಳು, ನಾನು ಮನಸ್ಸಿನಲ್ಲೇ ದೇವರಿಗೆ ಕೈಮುಗಿದೆ. ಆದರೆ ಕೈ ಇಳಿಸುವಷ್ಟರಲ್ಲಿ ಎಂಜಿನ್ನಿನ ಮೇಲ್ಭಾಗದಿಂದ ಶುರುವಾಯಿತು ನೋಡಿ, ಟಕಟಕ ಟಕಟಕ, ಟೈಪಿಂಗ್ ಇನ್‌ಸ್ಟಿಟ್ಯೂಟಿನಲ್ಲಿ ಇಡೀ ಬ್ಯಾಚು ಒಟ್ಟಿಗೆ ಕೂತ ಹಾಗೆ.

"ಡ್ಯಾಡಿ, ಈಸ್ ಇಟ್ ಸಪೋಸ್ಡ್ ಟು ಡೂ ದಟ್?" ಮಗಳು ಕಿವಿ ಮುಚ್ಚಿಕೊಂಡು ಕೇಳಿದಳು.

ಅವರು ಎಂಜಿನ್ ಆರಿಸಿದರು. ಹೀಗೇ ಓಡಿಸಿದರೆ ಮೇಲಿನ ಸಾಮಾನೆಲ್ಲ ಕುಟ್ಟಿ ಪುಡಿಯಾಗುತ್ತದೆ ಎಂದರು. ಯಾಕೆ ಹೀಗಾಯಿತು ಎಂಬುದು ಅವರಿಗೆ ಹೊಳೆಯಲಿಲ್ಲ. ಕಾರಿನ ಜೊತೆ ಬಂದಿದ್ದ ರಿಪೇರಿ ಪುಸ್ತಕವನ್ನು ಅವರು ಮುಟ್ಟಿಯೇ ಇರಲಿಲ್ಲ. ಪುಸ್ತಕ ಬೇಕಾಗುವುದು ಕೈ ಬಾರದವರಿಗೆ ಎಂಬುದು ಅವರ ಇನ್ನೊಂದು ನಂಬಿಕೆ. ಆ ಸಂಜೆ ನಾನೇ ಸೋಫಾ ಮೇಲೆ ಕಾಲು ಮಡಚಿಕೊಂಡು ಓದಿದೆ. ನನ್ನ ಕೆಲಸ ಅದರೊಳಗೆ ಸಿಕ್ಕಿಕೊಂಡಿರುವಾಗ ನಾಚಿಕೆ ಏನು?

ನನಗೆ ಅರ್ಥವಾದದ್ದು ಇಷ್ಟು. ಎಂಜಿನ್ನಿನ ನಡುವೆ ಉಬ್ಬುಗಳಿರುವ ಒಂದು ದಂಡ ತಿರುಗುತ್ತಿರುತ್ತದೆ. ಉಬ್ಬಿನ ಮೇಲೆ ಲಿಫ್ಟರ್ ಎಂಬ ಗಿಡ್ಡನೆಯ ಉಕ್ಕಿನ ಬಟ್ಟಲು ಕೂತಿರುತ್ತದೆ. ಅದರ ಮೇಲೆ ಪೆನ್ಸಿಲ್ ದಪ್ಪದ ಪುಶ್‌ರಾಡ್ ನಿಂತಿರುತ್ತದೆ. ಉಬ್ಬು ಬಂದಾಗ ಬಟ್ಟಲು ಏಳುತ್ತದೆ, ರಾಡು ಏಳುತ್ತದೆ, ಮೇಲಿರುವ ರಾಕರ್ ಏತದ ಹಾಗೆ ಬಾಗಿ ವಾಲ್ವನ್ನು ಒತ್ತಿ ತೆರೆಯುತ್ತದೆ. ಇಂಥವು ಹದಿನಾರು. ನಮ್ಮೂರಿನ ಮೋಟರ್ ಬೈಕುಗಳಲ್ಲಿ, ಹಳೆಯ ಕಾರುಗಳಲ್ಲಿ ಈ ಸರಪಳಿಯೆಲ್ಲ ಗಟ್ಟಿ ಉಕ್ಕು. ಕಾದಾಗ ಹಿಗ್ಗುವುದಕ್ಕೆ ಅಂತ ಕೂದಲೆಳೆಯಷ್ಟು ಸಂದು ಬಿಡಬೇಕು. ಅದಕ್ಕೇ ಟ್ಯಾಪೆಟ್ ಸೆಟ್ ಮಾಡುವುದು ಎನ್ನುತ್ತಿದ್ದರು. ಮೈಸೂರಿನ ಹುಡುಗರು ಗೇಜಿಗಾಗಿ ಯಾಕೆ ಕಾಯುತ್ತಾರೆ, ಗಡ್ಡ ಹೆರೆಯುವ ಬ್ಲೇಡನ್ನೇ ಸಂದಿನಲ್ಲಿ ತೂರಿಸಿ ಅಳೆಯುತ್ತಿದ್ದರು. ನಮ್ಮ ಯಜಮಾನರು ಆ ವಿದ್ಯೆಯಲ್ಲಿ ಇಡೀ ಒಂಟಿಕೊಪ್ಪಲಿಗೇ ಗುರು.

ಅಮೆರಿಕದ ಈ ಎಂಜಿನ್ನಿನ ಲಿಫ್ಟರುಗಳು ಬೇರೆ ಜಾತಿಯವು. ಒಳಗೆ ಒಂದು ಸಣ್ಣ ಸ್ಪ್ರಿಂಗು, ಎಣ್ಣೆ, ಏರಿ ಇಳಿಯುವ ಒಂದು ಬಿರಡೆ. ಸಂದು ಬಂದರೆ ಎಣ್ಣೆ ತುಂಬಿಸಿಕೊಂಡು ತಾನೇ ಮುಚ್ಚಿಕೊಳ್ಳುತ್ತವೆ. ಆದರೆ ಅದಕ್ಕೆ ಬಿರಡೆಯನ್ನು ಮೊದಲೇ ಸ್ವಲ್ಪ ಅದುಮಿ, ನಡುಮಧ್ಯದಲ್ಲಿ ಕೂರಿಸಿರಬೇಕು. ಹಾಗೆ ಅದುಮಿಡುವುದಕ್ಕೆ ಪ್ರೀಲೋಡ್ ಎಂದು ಹೆಸರು. ಅಂದರೆ ಇಲ್ಲಿ ಸಂದೇ ಬಿಡಬಾರದು.

"ರೀ, ಬ್ಲೇಡ್ ಇಟ್ರಾ?" ಎಂದು ಕೇಳಿದೆ.

"ಇನ್ನೇನು ಮತ್ತೆ? ಟ್ಯಾಪೆಟ್ ಅಂದ್ಮೇಲೆ ಗ್ಯಾಪ್ ಬಿಡದೇ ಇರ್ತಾರಾ?"

ಪುಸ್ತಕವನ್ನು ಅವರ ಮೂಗಿನ ಕೆಳಗೆ ಹಿಡಿದೆ. ಓದಿದರು. ಹದಿನಾರಕ್ಕೆ ಹದಿನಾರಕ್ಕೂ ಬ್ಲೇಡಿಟ್ಟು, ಪ್ರೀತಿಯಿಂದ, ಒಂದೇ ಅಳತೆಯ ಸಂದು ಬಿಟ್ಟಿದ್ದರು ಮಹಾರಾಯರು. ನಾನು ನಕ್ಕೆ, ಅವರೂ ನಕ್ಕರು. ನಾಳೆ ಒಂದು ಗಂಟೆಯ ಕೆಲಸ ಎಂದರು.

ಪುಸ್ತಕದಲ್ಲಿದ್ದ ಕ್ರಮ ಸುಲಭವಾಗಿಯೇ ಕಾಣುತ್ತಿತ್ತು. ಎಂಜಿನ್ನನ್ನು ಕೈಯಿಂದ ತಿರುಗಿಸಿ ಒಂದು ವಾಲ್ವು ಪೂರ್ತಿ ಮುಚ್ಚಿರುವ ಜಾಗಕ್ಕೆ ತರಬೇಕು. ರಾಕರಿನ ನಟ್ಟನ್ನು ಸಡಿಲ ಬಿಟ್ಟು, ಪುಶ್‌ರಾಡನ್ನು ಹೆಬ್ಬೆರಳು ತೋರುಬೆರಳ ಮಧ್ಯೆ ತಿರುಗಿಸುತ್ತ ತಿರುಗಿಸುತ್ತ ನಟ್ಟನ್ನು ನಿಧಾನಕ್ಕೆ ಬಿಗಿ ಮಾಡಬೇಕು. ಬೆರಳಿಗೆ ಮೊಟ್ಟಮೊದಲ ತಡೆ ಗೊತ್ತಾದ ಕ್ಷಣ ನಿಲ್ಲಿಸಬೇಕು. ಸಂದು ಹೋಯಿತು, ಒತ್ತಡ ಇನ್ನೂ ಬಂದಿಲ್ಲ, ಆ ಜಾಗ ಅದು. ಅಲ್ಲಿಂದ ಮುಂದೆ ನಟ್ಟಿಗೆ ಇನ್ನೊಂದೇ ಸುತ್ತು. ತಡೆ ಗೊತ್ತಾಗದೆ ಮುಂದೆ ಹೋದರೆ ಒಳಗಿನ ಬಿರಡೆ ತಳ ಮುಟ್ಟುತ್ತದೆ, ಆಮೇಲೆ ವಾಲ್ವು ಮುಚ್ಚಿಕೊಳ್ಳುವುದೇ ಇಲ್ಲ.

ಶುಕ್ರವಾರ ಬೆಳಿಗ್ಗೆ ಹದಿನಾರನ್ನೂ ಹಾಗೇ ಮಾಡಿದೆ ಎಂದು ಬಂದು ಕೀಲಿ ತಿರುಗಿಸಿದರು. ಎಂಜಿನ್ನು ಗಿರಗಿರ ತಿರುಗಿತೇ ಹೊರತು ಹೊತ್ತಿಕೊಳ್ಳಲಿಲ್ಲ. ನಡುವೆ ಒಮ್ಮೆ ಕಾರ್ಬ್ಯುರೇಟರಿನ ಬಾಯಿಂದ ಪಟಾರ್ ಎಂದು ಸಿಡಿದು ಅವರ ಹುಬ್ಬಿನ ಕೂದಲು ಸುಟ್ಟಿತು. ಎಲ್ಲವನ್ನೂ ಸಡಿಲಿಸಿ ಮೊದಲಿನಿಂದ ಮಾಡಿದರು. ಮತ್ತೆ ಅದೇ. ಮಧ್ಯಾಹ್ನದ ಊಟಕ್ಕೆ ಕರೆದರೆ ಜಪ್ಪಯ್ಯ ಅಂದರೂ ಬರಲಿಲ್ಲ.

ಶನಿವಾರ ಅವರ ಅನುಮಾನ ಪುಶ್‌ರಾಡುಗಳ ಮೇಲೆ ತಿರುಗಿತು. ಹೆಡ್ಡಿನ ಅಡಿಭಾಗ ಹೆರೆದದ್ದರಿಂದ ಅದು ಕೆಳಗೆ ಕೂತಿದೆ, ಹಾಗಾಗಿ ಹಳೆಯ ರಾಡುಗಳು ಈಗ ಉದ್ದವಾಗಿವೆ, ಗಿಡ್ಡ ರಾಡು ತರಿಸದೆ ಬೇರೆ ದಾರಿಯಿಲ್ಲ ಎಂದರು. ಮಾತಿನಲ್ಲಿ ತರ್ಕವಿತ್ತು. ಆದರೆ ಗಿಡ್ಡ ರಾಡು ಸಿಗುವ ಅಂಗಡಿ ತೆರೆಯುವುದು ಸೋಮವಾರ, ತರಿಸಿಕೊಡಲು ಅವರಿಗೆ ಇನ್ನೂ ಒಂದು ವಾರ. ಮತ್ತೆ ಪುಸ್ತಕ ತೆಗೆದೆ. ಉದ್ದ ಸರಿಯಿದೆಯೇ ಎಂದು ನೋಡಲು ಅದರಲ್ಲಿ ಒಂದು ಉಪಾಯವಿತ್ತು. ವಾಲ್ವಿನ ತಲೆಗೆ ಮಸಿ ಬಳಿದು, ರಾಕರ್ ಜೋಡಿಸಿ ಎಂಜಿನ್ನನ್ನು ಕೈಯಿಂದ ನಾಲ್ಕು ಸಲ ತಿರುಗಿಸಿದರೆ, ರಾಕರ್ ಉಜ್ಜಿದ ಕಡೆ ಮಸಿ ಅಳಿಸಿ ಗೆರೆ ಬೀಳುತ್ತದೆ. ಗೆರೆ ನಡುವೆ ಬಿದ್ದರೆ ರಾಡಿನ ಉದ್ದ ಸರಿ, ಅಂಚಿಗೆ ಸರಿದರೆ ತಪ್ಪು.

ಮಗಳ ಕೆಂಪು ಮಾರ್ಕರ್ ಪೆನ್ನು ತಂದು ನಾನೇ ಬಳಿದೆ. ತಿರುಗಿಸಿ ತೆಗೆದು ನೋಡಿದರೆ ಗೆರೆ ನಟ್ಟನಡುವೆ, ಬೈತಲೆಯ ಹಾಗೆ ನೇರ. ಇನ್ನೊಂದರಲ್ಲಿ ನೋಡಿದೆವು, ಅಲ್ಲೂ ನಡುವೆ. ಹೆರೆದದ್ದು ಬಹಳ ತೆಳ್ಳಗೆ ಇರಬೇಕು.

"ರಾಡು ಸರಿಯಾಗಿದೆಯಲ್ಲ ರೀ" ಎಂದೆ ಖುಷಿಯಿಂದ.

ಅವರಿಗೆ ಖುಷಿಯಾಗಲಿಲ್ಲ. ರಾಡಿನ ತಪ್ಪಲ್ಲ ಎಂದು ತಿಳಿದ ಮೇಲೆ ಅವರ ಮುಖ ಇಳಿದುಹೋಯಿತು. ಸ್ಪ್ಯಾನರನ್ನು ಬಟ್ಟೆಯಲ್ಲಿ ಒರೆಸಿ, ಒರೆಸಿ, ಡಬ್ಬಿಯಲ್ಲಿಟ್ಟು ಒಳಗೆ ಹೋದರು. ನನಗೆ ಮೈಯೆಲ್ಲ ಉರಿಯಿತು. ಇಷ್ಟಕ್ಕೆಲ್ಲ ಮುನಿಸೇ? ಸೋಮವಾರ ಕೆಲಸಕ್ಕೆ ಹೋಗಬೇಕಾದವಳು ನಾನು, ಮುನಿಸಿಕೊಳ್ಳುವ ಹಕ್ಕು ನನ್ನದು.

ಅದು ಕಾರ್ತೀಕ ಮಾಸ. ಸಂಜೆ ಎಂದಿನಂತೆ ಬತ್ತಿ ಹೊಸೆಯಲು ಕೂತೆ. ನಮ್ಮ ಕಡೆಯ ನಾಲ್ಕಾರು ಮನೆಗಳಿಗೆ ಬತ್ತಿ ಹೋಗುತ್ತಿದ್ದದ್ದು ನನ್ನಿಂದಲೇ. ಅಮೆರಿಕದಲ್ಲಿ ಬತ್ತಿ ಹೊಸೆಯುವುದು ಸುಲಭವಲ್ಲ. ಔಷಧಿ ಅಂಗಡಿಯಲ್ಲಿ ಸಿಗುವ ಹತ್ತಿಯುಂಡೆಗಳಲ್ಲಿ ಅರ್ಧಕ್ಕರ್ಧ ಹತ್ತಿಯೇ ಅಲ್ಲ, ಪಾಲಿಯೆಸ್ಟರು. ಒಬ್ಬರ ಮನೆಯಲ್ಲಿ ಮಂಗಳಾರತಿಯ ಹೊತ್ತಿಗೆ ಬತ್ತಿ ಉರಿಯದೆ ಕರಗಿ ತಟ್ಟೆಗೆ ಅಂಟಿಕೊಂಡಿತ್ತು. ನನಗೆ ಮಾತ್ರ ಮೋಸ ಆಗುತ್ತಿರಲಿಲ್ಲ. ಉಂಡೆಯನ್ನು ಎರಡು ಬೆರಳ ಮಧ್ಯೆ ಹಿಡಿದು ಒಮ್ಮೆ ಹೊಸೆದರೆ ಸಾಕು, ಹತ್ತಿಯಾದರೆ ಬೆರಳನ್ನು ಸಣ್ಣಗೆ ಹಿಡಿಯುತ್ತದೆ, ಪಾಲಿಯೆಸ್ಟರಾದರೆ ಜಾರುತ್ತದೆ. ಅವರು ಬಂದು ಎದುರಿನ ಕುರ್ಚಿಯಲ್ಲಿ ಕೂತು, ನನ್ನ ಕೈಯನ್ನೇ ನೋಡುತ್ತಿದ್ದರು. ಏನೋ ಹೇಳಲು ಬಂದವರ ಹಾಗೆ ಕಂಡರು. ನನ್ನ ಸಿಟ್ಟು ಇಳಿದಿರಲಿಲ್ಲ, ತಲೆ ಎತ್ತಲಿಲ್ಲ. ಸ್ವಲ್ಪ ಹೊತ್ತು ಕೂತಿದ್ದು ಎದ್ದು ಹೋದರು.

ಭಾನುವಾರ ತಿಂಡಿ ಆದ ಮೇಲೆ, ಆದದ್ದಾಗಲಿ ಎಂದು ನಾನೂ ಸ್ವೆಟರ್ ಏರಿಸಿ ಗರಾಜಿಗೆ ಹೋದೆ. ಅವರು ಆಗಲೇ ಶುರು ಮಾಡಿದ್ದರು. ಕಾಲ ಬಳಿ ಸಣ್ಣದೊಂದು ಎಲೆಕ್ಟ್ರಿಕ್ ಹೀಟರ್ ಕೆಂಪಗೆ ಉರಿಯುತ್ತಿತ್ತು, ಗರಾಜು ಬೆಚ್ಚಗಿತ್ತು. ಎಡಗೈ ಬೆರಳುಗಳಲ್ಲಿ ರಾಡು, ಬಲಗೈಯಲ್ಲಿ ಸ್ಪ್ಯಾನರು. ನಟ್ಟನ್ನು ಒಂದಿಷ್ಟು ತಿರುಗಿಸಿ, ರಾಡನ್ನು ಹೊಸೆದು, "ಇನ್ನೂ ಸಡಿಲ" ಎಂದು ತಮಗೆ ತಾವೇ ಹೇಳಿಕೊಂಡು ಮತ್ತಷ್ಟು ತಿರುಗಿಸುತ್ತಿದ್ದರು. ನಾನು ಪಕ್ಕದಲ್ಲಿ ನಿಂತು ಬಗ್ಗಿ ನೋಡಿದೆ. ಹಿಂದಿನ ದಿನ ಬಳಿದ ಮಾರ್ಕರಿನ ಒಂದು ಕೆಂಪು ಕಲೆ ಆ ರಾಡಿನ ಮೇಲೂ ಹತ್ತಿಕೊಂಡಿತ್ತು. ಅವರ ಬೆರಳುಗಳು ಹೊಸೆಯುತ್ತಿದ್ದವು, ಕೆಂಪು ಕಲೆ ಮಾತ್ರ ಇದ್ದಲ್ಲೇ ಇತ್ತು. ರಾಡು ತಿರುಗುತ್ತಿರಲೇ ಇಲ್ಲ. ಎಣ್ಣೆಗೈ ಅದರ ಮೇಲೆ ಸುಮ್ಮನೆ ಜಾರುತ್ತಿತ್ತು.

"ಇನ್ನೂ ಸಡಿಲ" ಎಂದರು ಮತ್ತೆ.

ನಾನು ಕೈ ಚಾಚಿ ರಾಡು ಮುಟ್ಟಿದೆ. ಗೋಡೆಗೆ ಹೊಡೆದ ಮೊಳೆಯ ಹಾಗೆ ಬಿಗಿ. ಬಿಗಿಯಾಗಿ ಎಷ್ಟೋ ಹೊತ್ತಾಗಿರಬೇಕು.

"ರೀ, ಇದು ಜಾಮ್ ಆಗಿದೆ. ಗೊತ್ತಾಗ್ತಿಲ್ವಾ ನಿಮಗೆ?"

"ಚಳಿಗೆ ಬೆರಳು ಮರಗಟ್ಟಿದೆ ಕಣೇ."

ನಾನು ಅವರ ಕೈ ಹಿಡಿದುಕೊಂಡೆ. ಕೈ ಬೆಚ್ಚಗಿತ್ತು. ಹೀಟರಿನ ಪಕ್ಕ ನಿಂತವರ ಕೈ ತಣ್ಣಗೆ ಎಲ್ಲಿಂದ ಇರುತ್ತದೆ? ತೋರುಬೆರಳನ್ನು ತಿರುವಿ ನೋಡಿದರೆ ತುದಿಯಲ್ಲಿ ಕಾಸಿನಗಲ ಸುಟ್ಟು ಬೊಬ್ಬೆ ಎದ್ದಿತ್ತು, ಅದು ಒಡೆದೂ ಇತ್ತು. ಇದು ಯಾವಾಗ ಆಯಿತು ಎಂದೆ. ಅವರೂ ಅದನ್ನು ಹೊಸದಾಗಿ ನೋಡುವವರ ಹಾಗೆ ನೋಡಿದರು. ಆಗ ನನಗೆ ಒಂದೊಂದಾಗಿ ನೆನಪಾಯಿತು. ಸುಡುವ ಕಾಫಿ ಲೋಟ. ಮಗಳ ಫ್ರಾಕಿನ ಗುಂಡಿ ಹಾಕಿ ಎಂದರೆ ಬೇಸಿಗೆಯಿಂದಲೂ ಅವಳನ್ನು ನನ್ನ ಕಡೆಗೇ ತಳ್ಳುತ್ತಿದ್ದದ್ದು. ಪೇಪರಿನ ಹಾಳೆಯನ್ನು ಎರಡೆರಡು ಸೇರಿಸಿ ಮಗುಚುತ್ತಿದ್ದದ್ದು. ಎಮ್ಮೆ ಚರ್ಮ ಎಂದು ನಾನು ರೇಗಿಸಿದಾಗ ಚಳಿಯ ನೆಪ ಹೇಳುತ್ತಿದ್ದರಲ್ಲ, ಅದೂ ನೆನಪಾಯಿತು.

"ಎಷ್ಟು ದಿನದಿಂದ?"

ಸ್ಪ್ಯಾನರ್ ಕೆಳಗಿಟ್ಟರು. "ಬೇಸಿಗೆಗೆ ಮುಂಚೆ ಪಾದದಲ್ಲಿ ಶುರುವಾಯ್ತು. ಈಗ ಬೆರಳು. ಮುಟ್ಟಿದ್ದು ಗೊತ್ತೇ ಆಗಲ್ಲ. ಆಫೀಸಲ್ಲಿ ಹೇಗೋ ಡ್ರಾಯಿಂಗ್ ಬೋರ್ಡ್ ಕೆಲಸ, ನಡೆದುಹೋಗುತ್ತೆ."

"ಡಾಕ್ಟರ್ ಹತ್ರ ಯಾಕೆ ಹೋಗ್ಲಿಲ್ಲ?"

"ಸಕ್ಕರೆ ಕಾಯಿಲೆ ಇರ್ಬೇಕು. ಲಕ್ವ ಹೊಡೆಯೋಕೆ ಮುಂಚೆ ಅಮ್ಮನಿಗೂ ಹೀಗೇ ಶುರುವಾಗಿತ್ತು."

ನನಗೆ ಎಲ್ಲಿತ್ತೋ ಸಿಟ್ಟು, ಉಕ್ಕಿ ಬಂತು. ಗೊತ್ತಿದ್ದೂ ಬಾಯಿ ಬಿಡದೆ ಕೂತಿದ್ದೀರಲ್ಲ, ಹೆಂಡತಿ ಅಂತ ಒಬ್ಬಳು ಮನೆಯಲ್ಲಿ ಯಾಕಿದ್ದಾಳೆ, ಕಾಫಿ ಕೊಡೋದಕ್ಕಾ, ಎಂದು ಕೂಗಾಡಿದೆ. ಅಷ್ಟೂ ಹೊತ್ತು ತಲೆ ಬಗ್ಗಿಸಿ ನಿಂತಿದ್ದರು. ನಾನು ಉಸಿರು ತೆಗೆದುಕೊಳ್ಳಲು ನಿಲ್ಲಿಸಿದಾಗ ಮೆಲ್ಲಗೆ ಹೇಳಿದರು.

"ಹೇಳಿದ್ರೆ ನೀನು ಮತ್ತೆ ಕೆಲಸ ಬಿಟ್ಟುಬಿಡ್ತಿದ್ದೆ. ಅಮ್ಮ ಮಲಗಿದಾಗ ಬಿಟ್ಟೆಯಲ್ಲ. ನಾನು ಬಿಡಬೇಡ ಅನ್ನಲಿಲ್ಲ ಆಗ. ಈ ಸಲ ಗಾಡಿ ರೆಡಿ ಮಾಡಿ, ನೀನು ಒಂದು ತಿಂಗಳು ಹೋಗಿ ಬಂದು, ಅಲ್ಲಿ ಬೇರು ಬಿಟ್ಟ ಮೇಲೆ ಹೇಳೋಣ ಅಂತಿದ್ದೆ. ಈ ದರಿದ್ರ ಬೆರಳು ಕೈಕೊಡ್ತು."

ನಾಲ್ಕು ದಿನದಿಂದ ನಾನು ಅಂದುಕೊಂಡದ್ದೇನು, ಇಲ್ಲಿ ಆಗುತ್ತಿದ್ದದ್ದೇನು. ಹಠಮಾರಿತನ ಎಂದುಕೊಂಡಿದ್ದೆ, ಎಂಜಿನಿಯರಿನ ಜಂಬ ಎಂದುಕೊಂಡಿದ್ದೆ. ಜಂಬವೂ ಒಂದಿಷ್ಟು ಇತ್ತು ಬಿಡಿ. ಆದರೆ ಸ್ಪರ್ಶವೇ ಇಲ್ಲದ ಕೈಯಲ್ಲಿ ಈ ಮನುಷ್ಯ ಮತ್ತೆ ಮತ್ತೆ ಹದಿನಾರು ರಾಡು ಹೊಸೆದದ್ದು ನನ್ನನ್ನು ಮನೆಯಿಂದ ಹೊರಗೆ ಕಳಿಸುವುದಕ್ಕೆ. ಅವರ ಮೇಲೆ ಎಂದೂ ಬಾರದಷ್ಟು ಪ್ರೀತಿ ಬಂತು. ಅದನ್ನು ಹೇಳಲು ಬಾರದೆ ಮೂಗು ಒರೆಸಿಕೊಂಡೆ, ಕೈಯಲ್ಲಿದ್ದ ಗ್ರೀಸು ಮುಖಕ್ಕೆಲ್ಲ ಆಯಿತು.

"ಸರಿ. ಸ್ವಲ್ಪ ಆ ಕಡೆ ಜರುಗಿ" ಎಂದೆ. "ರಾಡು ನಾನು ಹೊಸೀತೀನಿ. ನಟ್ಟು ನೀವು ತಿರುಗಿಸಿ."

"ನಿನಗೆ ಬರುತ್ತಾ?"

"ಬತ್ತಿ ಹೊಸೆದವಳಿಗೆ ಇದೇನು ಮಹಾ? ಆದರೆ ಒಂದು ಮಾತು. ನಾಳೆ ಬೆಳಿಗ್ಗೆ ಆಫೀಸಿಗೆ ಹೋದ ತಕ್ಷಣ ಡಾಕ್ಟರಿಗೆ ಫೋನ್ ಮಾಡ್ತೀನಿ ಅಂತ ನನ್ನ ಮೇಲೆ ಆಣೆ ಇಡಿ. ಇಲ್ಲದೇ ಇದ್ರೆ ನಾನು ಈ ರಾಡು ಮುಟ್ಟಲ್ಲ. ಕೆಲಸವೂ ಬೇಡ, ಗಾಡಿಯೂ ಬೇಡ."

ಅವರು ನನ್ನ ಮುಖ ನೋಡಿದರು. ನಾನು ತಮಾಷೆ ಮಾಡುತ್ತಿಲ್ಲ ಎಂದು ಗೊತ್ತಾಗಿರಬೇಕು. "ನಾನು ಫೋನ್ ಮಾಡ್ತೀನಿ. ನೀನು ಕೆಲಸ ಬಿಡಲ್ಲ ಅಂತ ಆಣೆ ಇಡು" ಎಂದರು.

ಗ್ರೀಸಿನ ಕೈಯನ್ನು ಗ್ರೀಸಿನ ಕೈಗೆ ಹೊಡೆದು ಇಬ್ಬರೂ ಆಣೆ ಇಟ್ಟೆವು. ಅವರ ಅಂಗೈಗೆ ಅದು ಎಷ್ಟು ಗೊತ್ತಾಯಿತೋ, ಜೋರಾಗಿಯೇ ಹೊಡೆದೆ.

ಹದಿನಾರು ನಟ್ಟನ್ನೂ ಸಡಿಲ ಬಿಟ್ಟೆವು. ಒಳಗೆ ಅದುಮಿಹೋಗಿದ್ದ ಬಿರಡೆಗಳು ಮೇಲೇಳಲಿ ಎಂದು ಅವರು ಸ್ವಲ್ಪ ಹೊತ್ತು ಕಾಯಿಸಿದರು. ಆಮೇಲೆ ಮೊದಲನೆಯ ಸಿಲಿಂಡರಿನಿಂದ ಶುರು ಮಾಡಿದೆವು. ಅವರು ಮುಂದುಗಡೆ ಎಂಜಿನ್ನನ್ನು ತಿರುಗಿಸಿ ವಾಲ್ವು ಮುಚ್ಚಿರುವ ಜಾಗಕ್ಕೆ ತಂದು, "ಹೂಂ, ಇದು" ಎನ್ನುತ್ತಿದ್ದರು. ನಾನು ರಾಡನ್ನು ಎರಡು ಬೆರಳ ನಡುವೆ ಹಿಡಿದು ಬತ್ತಿಯ ಹಾಗೆ ಹೊಸೆಯುತ್ತಿದ್ದೆ. ಅವರು ಸ್ಪ್ಯಾನರನ್ನು ಎಳ್ಳಷ್ಟು ಎಳ್ಳಷ್ಟೇ ಎಳೆಯುತ್ತಿದ್ದರು. ಸಡಿಲವಿದ್ದಾಗ ರಾಡು ಪಾಲಿಯೆಸ್ಟರಿನ ಹಾಗೆ ಜಾರುತ್ತದೆ. ಹಾಗೇ ಜಾರುತ್ತ ಜಾರುತ್ತ, ಒಂದು ಕಡೆ ಬೆರಳನ್ನು ಸಣ್ಣಗೆ ಹಿಡಿಯುತ್ತದೆ, ಒಳ್ಳೆಯ ಹತ್ತಿ ಹಿಡಿದ ಹಾಗೆ. ಇಷ್ಟೇ ಇಷ್ಟು. ಇನ್ನೂ ತಿರುಗಿಸಬಹುದು, ಆದರೆ ಅದಕ್ಕೆ ಇಷ್ಟವಿಲ್ಲ ಎನ್ನುವುದು ಗೊತ್ತಾಗುತ್ತದೆ.

"ನಿಲ್ಸಿ" ಎಂದೆ.

ನಿಲ್ಲಿಸಿದರು. ಅಲ್ಲಿಂದ ಮುಂದಿನ ಒಂದು ಸುತ್ತು ಅವರ ಲೆಕ್ಕ. ಸ್ಪ್ಯಾನರಿನ ಹಿಡಿ ಎಲ್ಲಿಂದ ಹೊರಟಿತೋ ಅಲ್ಲಿಗೇ ಬರುವತನಕ ಕಣ್ಣಿಟ್ಟು ನೋಡುತ್ತ ತಿರುಗಿಸಿದರು. ಅವರ ಕಣ್ಣಿಗೆ ಏನೂ ಆಗಿರಲಿಲ್ಲ.

ಎರಡನೆಯದರಲ್ಲಿ ನಾನು ತಡವಾಗಿ "ನಿಲ್ಸಿ" ಎಂದೆ, ಬಿಚ್ಚಿ ಮತ್ತೆ ಮಾಡಿದೆವು. ಅಷ್ಟು ಬಿಟ್ಟರೆ ಜಗಳವಿಲ್ಲ. ನಡುವೆ ಮಗಳು ಬಾಗಿಲಲ್ಲಿ ನಿಂತು, "ಅಮ್ಮಾ, ಯುವರ್ ಫೇಸ್!" ಎಂದು ಬಿದ್ದು ಬಿದ್ದು ನಕ್ಕಳು. ಕಿಟಕಿಯ ಬಿಸಿಲು ಒಂದು ಗೋಡೆಯಿಂದ ಇನ್ನೊಂದಕ್ಕೆ ಹೋಗುವ ಹೊತ್ತಿಗೆ ಕೊನೆಯ ರಾಡೂ ಮುಗಿಯಿತು. ನನ್ನ ಹೆಬ್ಬೆರಳು ಕೆಂಪಾಗಿ ಉರಿಯುತ್ತಿತ್ತು. ಉರಿಯುವುದು ಗೊತ್ತಾಗುತ್ತಿದೆಯಲ್ಲ, ಅದೇ ದೊಡ್ಡದು ಅನಿಸಿತು ನನಗೆ.

ಮುಚ್ಚಳ ಹಾಕಿ ಬಿಗಿ ಮಾಡಿದರು. ಕೀಲಿ ನನ್ನ ಕೈಗೆ ಕೊಟ್ಟು, "ಗಾಡಿ ನಿನ್ನದು" ಎಂದರು. ನಾನು ಒಳಗೆ ಕೂತು ತಿರುಗಿಸಿದೆ. ಎಂಜಿನ್ನು ಎರಡು ಸುತ್ತು ತಿಣುಕಿ ಹೊತ್ತಿಕೊಂಡಿತು. ಮೊದಲು ಟಕಟಕ ಎಂದಿತು. ಆರಿಸಲೆಂದು ನಾನು ಕೀಲಿಗೆ ಕೈ ಹಾಕಿದೆ. ಅವರು ಕೈ ಎತ್ತಿ, ತಾಳು, ಎಣ್ಣೆ ಏರಲಿ ಎಂದು ಸನ್ನೆ ಮಾಡಿದರು. ಟಕಟಕ ಸಣ್ಣದಾಯಿತು, ಎಲ್ಲೋ ಒಂದೇ ಒಂದು ಕಡೆ ಉಳಿಯಿತು, ಆಮೇಲೆ ಅದೂ ಹೋಯಿತು. ತುಂಬಿದ ಗಂಟಲಿನ ಗುರುಗುರು ಮಾತ್ರ. ಅವರು ಬಾನೆಟ್ಟಿನ ಅಂಚಿಗೆ ಎರಡೂ ಕೈ ಊರಿ, ಕಣ್ಣು ಮುಚ್ಚಿ ಕೇಳುತ್ತ ನಿಂತಿದ್ದರು. ಆ ನಡುಕ ಕೈಗೆ ಗೊತ್ತಾಗುತ್ತಿದೆಯೇ ಎಂದು ಕೇಳಬೇಕೆನಿಸಿತು, ಕೇಳಲಿಲ್ಲ.

ಸೋಮವಾರ ಬೆಳಿಗ್ಗೆ ಮಗಳನ್ನು ಸ್ಕೂಲ್ ಬಸ್ಸಿಗೆ ಹತ್ತಿಸಿ, ಆ ದೊಡ್ಡ ಗಾಡಿಯನ್ನು ರಸ್ತೆಗಿಳಿಸಿದೆ. ರೂಟ್ ಒನ್‌ನಲ್ಲಿ ಲಾರಿಗಳ ನಡುವೆ ಬಲ ಅಂಚು ಬಿಡದೆ ಓಡಿಸಿದೆ. ಪ್ರತಿ ಸಿಗ್ನಲ್ಲಿನಲ್ಲೂ ರೇಡಿಯೋ ಆರಿಸಿ ಎಂಜಿನ್ನಿಗೆ ಕಿವಿ ಕೊಟ್ಟೆ. ಅದು ತೆಪ್ಪಗಿತ್ತು. ಲ್ಯಾಬಿನಲ್ಲಿ ನನಗೊಂದು ಬಿಳಿ ಕೋಟು ಕೊಟ್ಟರು. ಉಗುರಿನ ಸಂದಿನ ಗ್ರೀಸು ಎಷ್ಟು ತಿಕ್ಕಿದರೂ ಹೋಗಿರಲಿಲ್ಲ, ಮೇಲಧಿಕಾರಿ ಹೆಂಗಸು ಅದನ್ನೇ ನೋಡಿದಳು. ಮನೆಯಲ್ಲಿ ಸ್ವಲ್ಪ ಎಂಜಿನ್ ಕೆಲಸ ಇತ್ತು ಎಂದೆ. ಅವಳು ನಂಬಿದ ಹಾಗೆ ಕಾಣಲಿಲ್ಲ.

ಸಂಜೆ ನಾನು ಮನೆ ಮುಟ್ಟಿದಾಗ ಅವರ ಕಾರು ಆಗಲೇ ಬಂದಿತ್ತು. ಅವರು ಮೆಟ್ಟಿಲ ಮೇಲೆ ಕೋಟು ಹಾಕಿಕೊಂಡು ಕಾಯುತ್ತಿದ್ದರು. ನನ್ನ ಕೆಲಸ ಹೇಗಿತ್ತು ಎಂದು ಕೇಳುವ ಮೊದಲು ಗಾಡಿಯ ಹತ್ತಿರ ಹೋಗಿ ಕಿವಿಗೊಟ್ಟು ಕೇಳಿ, ತಲೆಯಾಡಿಸಿ, ಆಮೇಲೆ ನನ್ನ ಕಡೆ ತಿರುಗಿದರು.

"ಫೋನ್ ಮಾಡ್ದೆ. ಬುಧವಾರ ಬೆಳಿಗ್ಗೆ ಬಾ ಅಂದಿದ್ದಾರೆ. ನೀನು ರಜ ಕೇಳ್ಬೇಡ, ಹೊಸ ಕೆಲಸ. ನಾನೇ ಹೋಗಿ ಬರ್ತೀನಿ."

"ಕೇಳಲ್ಲ" ಎಂದೆ. ಆಣೆ ಇಡುವುದು ಸುಲಭ, ಬುಧವಾರ ಅವರು ಒಬ್ಬರೇ ಡಾಕ್ಟರ ಎದುರು ಕೂತಿರುವಾಗ ನಾನು ಲ್ಯಾಬಿನಲ್ಲಿ ನಿಂತಿರುವುದು ಸುಲಭವಲ್ಲ. ಆದರೂ ಆ ಬುಧವಾರ ನಾನು ಕೆಲಸಕ್ಕೆ ಹೋದೆ, ಆಮೇಲೂ ಬಹಳ ವರ್ಷ ಹೋದೆ.

ಒಳಗೆ ಬಂದು ಕಾಫಿ ಮಾಡಿದೆ. ಅವರು ಅಭ್ಯಾಸದಂತೆ ಲೋಟಕ್ಕೆ ಕೈ ಚಾಚಿದರು. ನಾನು ಕೊಡಲಿಲ್ಲ. ಮೊದಲು ನನ್ನ ಅಂಗೈಯಲ್ಲಿ ಹಿಡಿದು ನೋಡಿದೆ. ಇನ್ನೂ ಸುಡುತ್ತಿತ್ತು. "ತಾಳಿ, ನಾನು ಹೇಳ್ತೀನಿ" ಎಂದು ಲೋಟವನ್ನು ನನ್ನ ಹತ್ತಿರವೇ ಇಟ್ಟುಕೊಂಡು ಅವರ ಪಕ್ಕದಲ್ಲಿ ಕೂತೆ. ಅವರು ಕೈ ಹಿಂದಕ್ಕೆ ತೆಗೆದುಕೊಂಡು ಕಾಯುತ್ತ ಕೂತರು.